ರಾತ್ರಿ ವಿಮಾನಕ್ಕೆ ಸಹಾರ್ ದಾರಿ: ಟಿ2ರಲ್ಲಿ ಹೊತ್ತು ಎಲ್ಲೆಲ್ಲಿ ಸೋರುತ್ತದೆ

ಟಿಕೆಟ್ಟಿನಲ್ಲಿ 15ನೇ ತಾರೀಕು 01:40 ಎಂದಿದ್ದರೆ ಮನೆ ಬಿಡಬೇಕಾದದ್ದು 14ರ ರಾತ್ರಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಏಕೆಂದರೆ 15ರ ರಾತ್ರಿ ಟ್ರಾಲಿ ತಳ್ಳಿಕೊಂಡು ಬಂದು, 'ನಿಮ್ಮ ವಿಮಾನ ನಿನ್ನೆಯೇ ಹೋಯಿತಲ್ಲ' ಎಂದು ಬಾಗಿಲಲ್ಲೇ ಕೇಳಿಸಿಕೊಂಡು ಹಿಂತಿರುಗುವವರು ಇವತ್ತಿಗೂ ಇದ್ದಾರೆ. ಮುಂಬಯಿಯ ಸಹಾರ್‌ನಲ್ಲಿರುವ ಟಿ2, ಅಂದರೆ ಎರಡನೇ ಟರ್ಮಿನಲ್‌ನಿಂದ ಹೊರದೇಶಕ್ಕೆ ಹೋಗುವ ವಿಮಾನಗಳ ದಟ್ಟಣೆ ನಡುರಾತ್ರಿಯ ಆಚೀಚೆ. ಯುರೋಪಿನ ಎಷ್ಟೋ ನಿಲ್ದಾಣಗಳಲ್ಲಿ ರಾತ್ರಿ ವಿಮಾನ ಇಳಿಸಲು ನಿರ್ಬಂಧವಿದೆ. ಬೆಳಗ್ಗೆ ಅಲ್ಲಿಳಿದು ಅಮೆರಿಕದ ಕಡೆಯ ವಿಮಾನ ಹಿಡಿಯಬೇಕಾದರೆ ಇಲ್ಲಿಂದ ಒಂದರಿಂದ ನಾಲ್ಕರೊಳಗೆ ಹೊರಡಬೇಕು. ಹೀಗಾಗಿ ಹಗಲು ಹೊತ್ತು ಖಾಲಿ ಕಾಣುವ ಇಮಿಗ್ರೇಶನ್ (ಪಾಸ್‌ಪೋರ್ಟ್, ವೀಸಾ ತಪಾಸಣೆ) ಹಾಲಿನಲ್ಲಿ ರಾತ್ರಿ ಹನ್ನೊಂದರಿಂದ ಕಾಲಿಡಲು ಜಾಗ ಇರುವುದಿಲ್ಲ.

ಹುಬ್ಬಳ್ಳಿ, ಗದಗ, ಕುಂದಾಪುರ, ಕಾರ್ಕಳದ ಕಡೆಯಿಂದ ಮಗನ ಮನೆಗೆ, ಮಗಳ ಬಾಣಂತನಕ್ಕೆ ಎಂದು ಹೊರಟವರನ್ನು ವಿಮಾನ ಹತ್ತಿಸುವುದು ಡೊಂಬಿವಿಲಿ, ಭಾಂಡುಪ್, ಅಂಧೇರಿಯ ಕನ್ನಡದ ಮನೆಗಳಿಗೆ ಮಾಮೂಲಿ ಕೆಲಸ. ಆ ಕೆಲಸ ಮಾಡುತ್ತಾ ತಿಳಿದದ್ದು ಇಷ್ಟು: ಟಿ2 ಕಟ್ಟಡ ಎಷ್ಟೇ ದೊಡ್ಡದಿರಲಿ, ಅಲ್ಲಿ ಹೊತ್ತು ಹಾಳಾಗುವುದು ನಾಲ್ಕೈದು ಕಡೆ ಮಾತ್ರ, ಮತ್ತು ಅದರಲ್ಲಿ ಹೆಚ್ಚಿನದು ಮನೆಯಲ್ಲಿ ಬ್ಯಾಗು ತುಂಬುವಾಗಲೇ ತೀರ್ಮಾನವಾಗಿರುತ್ತದೆ.

ಮೊದಲು ಯಾವ ನಿಲ್ದಾಣ ಎಂಬುದು. ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. 25 ಡಿಸೆಂಬರ್ 2025ರಿಂದ ನವಿ ಮುಂಬಯಿ ನಿಲ್ದಾಣದಿಂದಲೂ ವಿಮಾನ ಹಾರಲು ಶುರುವಾಗಿದೆ. ಟಿಕೆಟ್ಟಿನ ಮೇಲೆ ಬಿಒಎಂ ಎಂದಿದ್ದರೆ ನಮ್ಮ ಹಳೆಯ ಛತ್ರಪತಿ ಶಿವಾಜಿ ಮಹಾರಾಜ್ ನಿಲ್ದಾಣ, ಎನ್‌ಎಂಐ ಎಂದಿದ್ದರೆ ಪನವೇಲ್ ಕಡೆಯದು. ಹಳೆಯದರಲ್ಲೂ ಎರಡು ಟರ್ಮಿನಲ್. ಟಿ1 ವಿಲೆಪಾರ್ಲೆ–ಸಾಂತಾಕ್ರೂಜ್ ಕಡೆ, ದೇಶದೊಳಗಿನ ವಿಮಾನಗಳಿಗೆ. ಟಿ2 ಅಂಧೇರಿ ಪೂರ್ವದ ಸಹಾರ್‌ನಲ್ಲಿ. ಹೊರದೇಶದ ವಿಮಾನಗಳೆಲ್ಲ ಇಲ್ಲಿಂದ, ಜೊತೆಗೆ ಒಳದೇಶದವೂ ಸಾಕಷ್ಟು. ಎರಡೂ ಬಳಸುವುದು ಅವೇ ರನ್‌ವೇಗಳನ್ನು, ಆದರೆ ರಸ್ತೆಯಲ್ಲಿ ಹೋಗುವಾಗ ಸುತ್ತು ಹಾಕಬೇಕು. ಮಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ವಿಮಾನದಲ್ಲೇ ಬಂದು ಇಲ್ಲಿ ಬದಲಿಸುವವರು ಇದನ್ನು ಚೆನ್ನಾಗಿ ನೋಡಿಕೊಳ್ಳಬೇಕು. ಎರಡೂ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿದ್ದು, ಬ್ಯಾಗಿಗೆ ಕೊನೆಯ ಊರಿನ ಚೀಟಿ ಹಚ್ಚಿದ್ದರೆ 'ಇಂಟರ್‌ನ್ಯಾಷನಲ್ ಟ್ರಾನ್ಸ್‌ಫರ್' ಫಲಕ ಹಿಡಿದು ಹೋದರೆ ಆಯಿತು. ಟಿಕೆಟ್ ಬೇರೆ ಬೇರೆ ಇದ್ದರೆ ಬೆಲ್ಟಿನಿಂದ ಬ್ಯಾಗು ಎತ್ತಿಕೊಂಡು, ಹೊರಬಂದು, ಮತ್ತೆ ಹೊಸದಾಗಿ ಎಲ್ಲ ಶುರು. ಟಿ1ರಲ್ಲಿ ಇಳಿದಿದ್ದರೆ ಟರ್ಮಿನಲ್‌ಗಳ ನಡುವಿನ ಬಸ್ಸಿನ ಹೊತ್ತನ್ನೂ ಸೇರಿಸಿಕೊಳ್ಳಬೇಕು.

ಹೀಗೆ ಬರುವವರು ಎರಡು ವಿಮಾನಗಳ ನಡುವೆ ಐದಾರು ಗಂಟೆ ಇಟ್ಟುಕೊಂಡರೆ ನಷ್ಟವಿಲ್ಲ. ಮುಂಬಯಿಯ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಸಿ ಹೋಗುತ್ತವೆ. ಒಂದರಲ್ಲಿ ವಿಮಾನ ಓಡುವಾಗ ಇನ್ನೊಂದರಲ್ಲಿ ಓಡಿಸಲಾಗದು. ಹಾಗಾಗಿ ಬೆಳಗ್ಗೆ ಒಂದು ಕಡೆ ತಡವಾದದ್ದು ಸಂಜೆಯವರೆಗೆ ಸರಪಳಿಯಂತೆ ಎಳೆಯುತ್ತದೆ. ಮಳೆಗಾಲದಲ್ಲಂತೂ ವಿಮಾನ ಆಕಾಶದಲ್ಲೇ ಸುತ್ತು ಹೊಡೆಯುವುದು ಹೊಸದೇನಲ್ಲ. ರೈಲಿನಲ್ಲಿ ಬರುವವರಿಗೂ ಇದೇ ಮಾತು: ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿಯೇ ನಿಧಾನದ್ದು. ಮತ್ಸ್ಯಗಂಧದಲ್ಲಿ ಬಂದು ಕುರ್ಲಾ ಟರ್ಮಿನಸ್ಸಿನಲ್ಲಿ ಇಳಿದು ಅಂದೇ ರಾತ್ರಿ ಹಾರುವ ಲೆಕ್ಕ ಹಾಕಬೇಡಿ. ಹಿಂದಿನ ದಿನ ಬಂದು ಒಂದು ರಾತ್ರಿ ಮಲಗಿ ಎದ್ದರೆ ವಯಸ್ಸಾದವರ ಕಾಲಿಗೂ ಒಳ್ಳೆಯದು.

ಇನ್ನು ಹೆಸರು. ನಮ್ಮ ಊರ ಕಡೆಯವರ ಪಾಸ್‌ಪೋರ್ಟುಗಳಲ್ಲಿ ಇದೊಂದು ದೊಡ್ಡ ತೊಡಕು. ಇನಿಷಿಯಲ್ಲು ಬಿಟ್ಟು ಬರೀ ಹೆಸರು ಬರೆಸಿ, ಸರ್‌ನೇಮ್ ಜಾಗ ಖಾಲಿ ಬಿಟ್ಟ ಪಾಸ್‌ಪೋರ್ಟು ಹಿರಿಯರಲ್ಲಿ ಸಾಮಾನ್ಯ. ವಿಸಿಟ್ ವೀಸಾದ ಮೇಲೆ ದುಬೈ, ಅಬುಧಾಬಿಗೆ ಹೋಗುವವರಿಗೆ ಇಂಥ ಒಂಟಿ ಹೆಸರು ನಡೆಯುವುದಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ತಂದಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗಬಹುದು ಎಂದು ಬಳಿಕ ಸಡಿಲಿಸಿತು. ಅಮೆರಿಕದ ವೀಸಾದಲ್ಲಿ ಇದೇ ಒಂಟಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ಟಿಕೆಟ್ ತೆಗೆಯುವವರು ವೀಸಾ, ಪಾಸ್‌ಪೋರ್ಟ್ ಎರಡನ್ನೂ ಮುಂದಿಟ್ಟುಕೊಂಡೇ ಹೆಸರು ತುಂಬಬೇಕು. ಕೌಂಟರಿನ ಮುಂದೆ ನಿಂತು ಹೆಸರು ತಿದ್ದಿಸುವುದು ಆಗದ ಮಾತು ಅಂತಲ್ಲ, ಆದರೆ ರಾತ್ರಿ ಹನ್ನೆರಡಕ್ಕೆ ಏಜೆಂಟು ಫೋನು ಎತ್ತಬೇಕಲ್ಲ.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ (ಎಮಿಗ್ರೇಶನ್ ಚೆಕ್ ರಿಕ್ವೈರ್ಡ್, ಹೊರಡುವ ಮುಂಚೆ ಸರ್ಕಾರದ ತಪಾಸಣೆ ಬೇಕು) ಮುದ್ರೆ ಇರುವುದುಂಟು. ಕೊಲ್ಲಿ ರಾಷ್ಟ್ರಗಳೂ ಮಲೇಷ್ಯಾದಂಥವೂ ಸೇರಿ 18 ದೇಶಗಳಿಗೆ ಕೆಲಸದ ವೀಸಾದ ಮೇಲೆ ಹೊರಟರೆ ಇಂಥವರಿಗೆ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕೇ ಬೇಕು. ಅದು ಸರ್ಕಾರದ ಇಮೈಗ್ರೇಟ್ ಪೋರ್ಟಲ್ ಮೂಲಕ ಮೊದಲೇ ಆಗಿರಬೇಕು, ನಿಲ್ದಾಣದಲ್ಲಿ ಯಾರೂ ಮಾಡಿಕೊಡುವುದಿಲ್ಲ. 'ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾ ಮಾಡಿಸೋಣ' ಎನ್ನುವ ಏಜೆಂಟರ ಮಾತು ಕೇಳಿದವರು ಇಮಿಗ್ರೇಶನ್ ಕೌಂಟರಿನಿಂದಲೇ ವಾಪಸು ಬಂದದ್ದಿದೆ.

ಬ್ಯಾಗಿನ ವಿಷಯಕ್ಕೆ ಬರೋಣ, ಇದು ಸ್ವಲ್ಪ ಉದ್ದ. ಅಮೆರಿಕದ ಟಿಕೆಟ್ಟುಗಳಲ್ಲಿ ಸಾಮಾನ್ಯವಾಗಿ ಪೀಸ್ ಲೆಕ್ಕ: 23 ಕಿಲೋದ ಇಷ್ಟು ಬ್ಯಾಗು ಎಂದು. ಕೊಲ್ಲಿಯ ಕಡೆ ಬಹುತೇಕ ಒಟ್ಟು ತೂಕದ ಲೆಕ್ಕ. ಪೀಸ್ ಲೆಕ್ಕದಲ್ಲಿ ಎರಡು ಬ್ಯಾಗು ಸೇರಿ 46 ಕಿಲೋ ಇದೆಯಲ್ಲ ಎಂದು ಒಂದರಲ್ಲಿ 26, ಇನ್ನೊಂದರಲ್ಲಿ 20 ತುಂಬಿದರೆ 26ರ ಬ್ಯಾಗಿಗೆ ದಂಡ ಖಚಿತ. ಯಾವ ಲೆಕ್ಕದಲ್ಲೂ ಒಂದೇ ಬ್ಯಾಗು 32 ಕಿಲೋ ದಾಟುವಂತಿಲ್ಲ, ದುಡ್ಡು ಕೊಡುತ್ತೇನೆಂದರೂ ತೆಗೆದುಕೊಳ್ಳುವುದಿಲ್ಲ. ಅದು ಬ್ಯಾಗು ಎತ್ತುವ ಲೋಡರುಗಳ ಬೆನ್ನಿನ ಸಲುವಾಗಿ ಇರುವ ಮಿತಿ. ಮನೆಯಲ್ಲಿ ತೂಗುಕೊಕ್ಕೆ ಹಿಡಿದು ತೂಗಿದ ಬ್ಯಾಗು ಕೌಂಟರಿನಲ್ಲಿ ಅರ್ಧ ಕಿಲೋ ಹೆಚ್ಚು ತೋರಿಸಬಹುದು. 22 ಕಿಲೋಗೆ ನಿಲ್ಲಿಸಿ. ಟಿ2ರ ಚೆಕ್-ಇನ್ ಸಾಲುಗಳ ಪಕ್ಕದಲ್ಲಿ ಯಾವ ರಾತ್ರಿ ನೋಡಿದರೂ ಒಂದೆರಡು ಸಂಸಾರ ನೆಲದ ಮೇಲೆ ಸೂಟ್‌ಕೇಸು ಬಿಚ್ಚಿ ಕೂತಿರುತ್ತದೆ. ಒಂದು ಬ್ಯಾಗಿನಿಂದ ಇನ್ನೊಂದಕ್ಕೆ ಹೋಗುವುದು ಯಾವಾಗಲೂ ಅವಲಕ್ಕಿ, ಚಟ್ನಿಪುಡಿ, ಜೋಳದ ಹಿಟ್ಟು. ಸೀರೆಗಳು ಮಾತ್ರ ಅಲುಗಾಡುವುದಿಲ್ಲ.

ಕೊಬ್ಬರಿ ಬೇಡ. ಕೈಚೀಲದಲ್ಲೂ ಬೇಡ, ದೊಡ್ಡ ಬ್ಯಾಗಿನಲ್ಲೂ ಬೇಡ. ಒಣಗಿದ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳುವ ಸರಕುಗಳ ಪಟ್ಟಿಯಲ್ಲಿ ಅದಿದೆ. ದೊಡ್ಡ ಬ್ಯಾಗುಗಳಲ್ಲಿ ಪದೇ ಪದೇ ಸಿಗುವ ನಿಷಿದ್ಧ ವಸ್ತುಗಳೆಂದು ಮುಂಬಯಿ ನಿಲ್ದಾಣದವರು ಹೇಳಿದವುಗಳಲ್ಲಿ ಒಣ ಕೊಬ್ಬರಿ, ಪವರ್ ಬ್ಯಾಂಕ್, ಲೈಟರ್, ಇ-ಸಿಗರೇಟು ಸೇರಿವೆ. ಗಸಗಸೆಯನ್ನೂ ಬಿಡಿ: ಯುಎಇ, ಸೌದಿಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಪಾಯಸದ ಕತೆ ಅಲ್ಲಿ ಯಾರೂ ಕೇಳುವುದಿಲ್ಲ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ನೋವಿನ ಮಾತ್ರೆ ಕೂಡ ಹಾಗೆಯೇ. ಉಳಿದ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಡಿ. ತುಪ್ಪ, ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ ದೊಡ್ಡ ಬ್ಯಾಗಿಗೆ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಬಿಗಿದು. ಆ ದೇಶ ಒಳಗೆ ಬಿಡುತ್ತದೆಯೇ ಎಂದು ಮಕ್ಕಳು ಮೊದಲೇ ನೋಡಿರಬೇಕು. ಕೈಚೀಲದಲ್ಲಿ ದ್ರವ ಏನಿದ್ದರೂ ಒಂದೊಂದು ಶೀಷೆ 100 ಎಂಎಲ್‌ನ ಒಳಗೆ, ಎಲ್ಲ ಸೇರಿ ಒಂದು ಲೀಟರ್. ಗಟ್ಟಿ ತುಪ್ಪವೂ ದ್ರವವೇ.

ಪವರ್ ಬ್ಯಾಂಕ್ ಇದಕ್ಕೆ ತಿರುಗಾಮುರುಗಾ: ಕೈಚೀಲದಲ್ಲೇ ಇರಬೇಕು. ಮಿತಿ 100 ವ್ಯಾಟ್-ಅವರ್. ಅದರ ಮೇಲೆ ಬರೆದಿರುವ ಎಂಎಎಚ್ ಸಂಖ್ಯೆಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. 20,000ದ್ದು 74 ಆಗುತ್ತದೆ, ತೊಂದರೆಯಿಲ್ಲ. ಮೇಲೆ ಏನೂ ಬರೆದಿರದ, ಅಕ್ಷರ ಅಳಿಸಿಹೋದ ಅಗ್ಗದ ಪವರ್ ಬ್ಯಾಂಕ್ ಬೇಡವೇ ಬೇಡ. ಇದನ್ನು ಮರೆತು ದೊಡ್ಡ ಬ್ಯಾಗಿನಲ್ಲಿ ಇಟ್ಟರೆ ಆಗುವುದು ಹೀಗೆ: ಬ್ಯಾಗು ಕೌಂಟರಿನಿಂದ ಬೆಲ್ಟಿನ ಮೇಲೆ ಒಳಗೆ ಹೋಗುತ್ತದೆ, ಅಲ್ಲಿ ಎಕ್ಸ್‌ರೇ ಯಂತ್ರ ಅದನ್ನು ಬದಿಗೆ ತಳ್ಳುತ್ತದೆ, ವಿಮಾನ ಸಂಸ್ಥೆಯವರು ಪ್ರಯಾಣಿಕರನ್ನು ಹುಡುಕಿ ಕರೆಸಿ ಅವರೆದುರೇ ತೆರೆಸುತ್ತಾರೆ. ಅಷ್ಟರಲ್ಲಿ ಅವರು ಇಮಿಗ್ರೇಶನ್ ದಾಟಿ ಹೋಗಿ ಫೋನು ಸೈಲೆಂಟ್ ಮಾಡಿ ಕೂತಿದ್ದರೆ ಬ್ಯಾಗು ಇಲ್ಲೇ ಉಳಿಯುತ್ತದೆ. ಟಿಕೆಟ್ಟಿನಲ್ಲಿ ಪ್ರಯಾಣಿಕರ ಜೇಬಿನಲ್ಲಿರುವ ಮೊಬೈಲ್ ನಂಬರೇ ಇರಬೇಕು, ನ್ಯೂಜೆರ್ಸಿಯ ಮಗನದಲ್ಲ.

'ಬ್ಯಾಗು ನೀವೇ ತುಂಬಿದ್ದಾ?' ಎಂದು ಕೌಂಟರಿನಲ್ಲಿ ಕೇಳುತ್ತಾರೆ. ಬೀದಿಯ ಕೊನೆಯ ಮನೆಯವರು ತಮ್ಮ ಅಳಿಯನಿಗೆಂದು ಕೊಟ್ಟ, ಹೊಲಿದ ಪೊಟ್ಟಣ ಅದರಲ್ಲಿದ್ದರೆ ಉತ್ತರ ಕೊಡುವುದು ಕಷ್ಟ. ಬಿಚ್ಚಿ ನೋಡದ ಪಾರ್ಸೆಲ್ ಒಯ್ಯಬೇಡಿ. ಮುಲಾಜಿಗೆ ಬಿದ್ದರೆ ಎದುರಿಗೇ ಬಿಚ್ಚಿಸಿ.

ದಾರಿ ಹೆಚ್ಚು ಹೇಳುವಂಥದ್ದಿಲ್ಲ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಿಂದ ಸಹಾರ್ ಎಲಿವೇಟೆಡ್ ರಸ್ತೆ ನೇರವಾಗಿ ಟಿ2ರ ನಿರ್ಗಮನ ಮಹಡಿಗೆ ಏರುತ್ತದೆ. ಅದರ ಮೇಲೆ ಆಟೊ ಬಿಡುವುದಿಲ್ಲ. ಒಬ್ಬರೇ, ಒಂದೇ ಬ್ಯಾಗು ಎಂದರೆ ಮೆಟ್ರೊ 3 ಒಳ್ಳೆಯದು. ಘಾಟ್‌ಕೋಪರ್ ಅಥವಾ ಅಂಧೇರಿಯಿಂದ ಮೆಟ್ರೊ 1 ಹಿಡಿದು ಮರೋಳ್ ನಾಕಾದಲ್ಲಿ ಬದಲಿಸಿದರೆ ಮುಂದಿನದೇ ಟಿ2. ದಕ್ಷಿಣದ ಕಡೆಯಿಂದ ಬಂದರೆ ಮೊದಲು ಟಿ1, ಆಮೇಲೆ ಸಹಾರ್ ರೋಡ್, ಅದಾದ ಮೇಲೆ ಟಿ2. 'ಸಹಾರ್ ಏರ್‌ಪೋರ್ಟ್' ಎಂದೇ ಬಾಯಿಗೆ ಬಂದಿರುವ ಹಳಬರು ಸಹಾರ್ ರೋಡ್ ಎಂದು ಕೇಳಿಸಿದ ಕೂಡಲೇ ಇಳಿಯಬಾರದು. ಎರಡು ಭಾರದ ಸೂಟ್‌ಕೇಸು ಮತ್ತು ಮೊಣಕಾಲು ನೋವು ಇದ್ದಲ್ಲಿ ಮೆಟ್ರೊದ ಮಾತೇ ಬೇಡ. ರಾತ್ರಿ ಬಿಟ್ಟುಬರಲು ಹೋದವರಿಗೆ ವಾಪಸು ಬರಲು ಅದು ಸಿಗುವುದೂ ಇಲ್ಲ.

ನಾಲ್ಕನೇ ಮಹಡಿಯ ಬಾಗಿಲಲ್ಲಿ ಭದ್ರತಾ ಪಡೆಯ ಸಿಐಎಸ್‌ಎಫ್‌ನವರು ಪಾಸ್‌ಪೋರ್ಟ್, ಟಿಕೆಟ್ ನೋಡಿ ಒಳಗೆ ಬಿಡುತ್ತಾರೆ. ಬೀಳ್ಕೊಡುವುದು ಅಲ್ಲಿಗೇ ಮುಗಿಯಬೇಕು. ಕಾರು ಅಲ್ಲಿ ನಿಲ್ಲಿಸಿಕೊಂಡಿರಲು ಬಿಡುವುದಿಲ್ಲ. ಕಾಲು ಮುಟ್ಟಿ ನಮಸ್ಕರಿಸುವುದು, ಅಳುವುದು, ಫೋಟೊ ತೆಗೆಯುವುದು ಎಲ್ಲ ಮನೆಯಲ್ಲೇ ಮುಗಿಸಿ. ಹೆಚ್ಚು ಹೊತ್ತು ಇರುವುದಾದರೆ ಬಹುಮಹಡಿ ಪಾರ್ಕಿಂಗಿಗೆ ಹೋಗಿ. ಮುಖ ತೋರಿಸಿ ಒಳಹೋಗುವ ಡಿಜಿಯಾತ್ರಾ ಒಳದೇಶದ ವಿಮಾನಗಳಿಗೆ. ಪಾಸ್‌ಪೋರ್ಟಿನವರು ಆ ಸಾಲಿನಲ್ಲಿ ನಿಂತು ಹೊತ್ತು ಕಳೆಯಬೇಡಿ.

ವಯಸ್ಸಾದವರಿಗೆ ಗಾಲಿಕುರ್ಚಿ ಕೇಳಲು ಸಂಕೋಚಪಡುವವರು ಬಹಳ ಮಂದಿ. ಟಿ2 ಎಕ್ಸ್ ಆಕಾರದ ಕಟ್ಟಡ, ಗೇಟುಗಳು ಅದರ ತೋಳುಗಳ ತುದಿಯವರೆಗೂ ಹರಡಿವೆ, ನಡೆಯುವುದು ನಿಜವಾಗಿಯೂ ತುಂಬಾ ಇದೆ. ಟಿಕೆಟ್ ಮಾಡುವಾಗಲೇ, ತಪ್ಪಿದರೆ 48 ಗಂಟೆ ಮುಂಚೆ ವಿಮಾನ ಸಂಸ್ಥೆಗೆ ತಿಳಿಸಿ. ಮೂರು ಬಗೆಯಿದೆ: ದೂರ ನಡೆಯಲಾಗದವರಿಗೆ ಡಬ್ಲ್ಯುಸಿಎಚ್‌ಆರ್, ಮೆಟ್ಟಿಲೂ ಹತ್ತಲಾಗದವರಿಗೆ ಡಬ್ಲ್ಯುಸಿಎಚ್‌ಎಸ್, ಸೀಟಿನವರೆಗೂ ಕೂರಿಸಿಯೇ ಒಯ್ಯಬೇಕಾದವರಿಗೆ ಡಬ್ಲ್ಯುಸಿಎಚ್‌ಸಿ. ನಮ್ಮ ಬಹುತೇಕ ಅಪ್ಪ-ಅಮ್ಮಂದಿರಿಗೆ ಮೊದಲನೆಯದು ಸಾಕು. ಭಾಷೆ ಬಾರದವರಿಗೆ ಇದರ ದೊಡ್ಡ ಲಾಭ ಕುರ್ಚಿಯಲ್ಲ, ಅದನ್ನು ತಳ್ಳುವ ಮನುಷ್ಯ: ಇಮಿಗ್ರೇಶನ್, ಸೆಕ್ಯುರಿಟಿ, ಗೇಟು, ಎಲ್ಲ ಕಡೆಯೂ ಅವರು ಜೊತೆಗಿರುತ್ತಾರೆ. ಆದರೆ ರಾತ್ರಿಯ ದಟ್ಟಣೆಯಲ್ಲಿ ಕುರ್ಚಿ ಬರಲು ಕಾಯಬೇಕಾಗುತ್ತದೆ, ಆದ್ದರಿಂದ ಸಾಮಾನ್ಯವಾಗಿ ಹೇಳುವ ಮೂರು ಗಂಟೆಯ ಬದಲು ವಿಮಾನಕ್ಕೆ ನಾಲ್ಕು ಗಂಟೆ ಮೊದಲೇ ಹೋಗುವುದು ಒಳ್ಳೆಯದು.

ಚೆಕ್-ಇನ್ ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮುಂಚೆ ಮುಚ್ಚುತ್ತದೆ, ಕೆಲವು ಸಂಸ್ಥೆಗಳಲ್ಲಿ 75. ಇದರಲ್ಲಿ ಒಂದು ನಿಮಿಷದ ರಿಯಾಯಿತಿಯೂ ಇಲ್ಲ.

ಇಮಿಗ್ರೇಶನ್‌ನಲ್ಲಿ ಭಾರತೀಯರು ತುಂಬಬೇಕಾದ ಹಳೆಯ ನಿರ್ಗಮನ ಚೀಟಿ 2017ರ ಜುಲೈಯಿಂದಲೇ ಇಲ್ಲ. ಕೇಳುವುದು ಎರಡು ಮೂರು ಪ್ರಶ್ನೆ, ಹಿಂದಿಯಲ್ಲೋ ಇಂಗ್ಲಿಷಿನಲ್ಲೋ: ಎಲ್ಲಿಗೆ, ಯಾರ ಹತ್ತಿರ, ಎಷ್ಟು ದಿನ. ಕನ್ನಡ ಬಿಟ್ಟು ಬೇರೆ ಬಾರದ ಅಜ್ಜಿಗೆ 'ಬೇಟೇ ಕೇ ಪಾಸ್, ಛೇ ಮಹೀನಾ' (ಮಗನ ಹತ್ತಿರ, ಆರು ತಿಂಗಳು) ಎಂಬಷ್ಟು ಬಾಯಿಪಾಠ ಮಾಡಿಸಿ. ಮಗನ ವಿಳಾಸ, ಫೋನ್ ನಂಬರು, ವಾಪಸು ಟಿಕೆಟ್ಟು, ವಿಮೆಯ ಕಾಗದ, ಇವಿಷ್ಟನ್ನು ಒಂದು ಪಾರದರ್ಶಕ ಫೋಲ್ಡರಿನಲ್ಲಿ ಕೊರಳಿಗೆ ತೂಗುಹಾಕುವುದು ನೋಡಲು ಚಂದವಲ್ಲದಿದ್ದರೂ ಕೆಲಸಕ್ಕೆ ಬರುತ್ತದೆ. ಆಗಾಗ ಓಡಾಡುವವರು ಫಾಸ್ಟ್ ಟ್ರ್ಯಾಕ್ ಇಮಿಗ್ರೇಶನ್‌ಗೆ ನೋಂದಾಯಿಸಿಕೊಳ್ಳಲಿ. ಮುಂಬಯಿಯಲ್ಲಿ ಅದು 2025ರ ಜನವರಿಯಿಂದ ಇದೆ, ಶುಲ್ಕವಿಲ್ಲ, ಬೆರಳಚ್ಚು ಮತ್ತು ಮುಖದ ಚಿತ್ರ ಒಮ್ಮೆ ಕೊಟ್ಟರೆ ಐದು ವರ್ಷ ಅಥವಾ ಪಾಸ್‌ಪೋರ್ಟಿನ ಅವಧಿ ಮುಗಿಯುವವರೆಗೆ ನಡೆಯುತ್ತದೆ. ವರ್ಷಕ್ಕೊಮ್ಮೆ ಹೋಗುವ ಹಿರಿಯರಿಗೆ ಅಷ್ಟೇನೂ ಬೇಕಿಲ್ಲ.

ಸೆಕ್ಯುರಿಟಿಯಲ್ಲಿ ನಮ್ಮವರು ಸಿಕ್ಕಿಬೀಳುವುದು ಎಲೆ-ಅಡಿಕೆ ಸಂಚಿಯಿಂದ. ಅಡಕತ್ತರಿ ಒಳಗಿರುತ್ತದೆ. ಎಷ್ಟು ವರ್ಷದ್ದಾದರೂ, ತವರಿನದ್ದಾದರೂ, ಅಲ್ಲಿಗೆ ಬಂದ ಮೇಲೆ ಅದು ಡಬ್ಬಿಗೆ ಬೀಳುವುದೇ. ಮನೆ ಬಿಡುವ ಮುಂಚೆ 'ಅತ್ತೆ, ಆ ಅಡಕತ್ತರಿ ಕೊಡಿ ಇಲ್ಲಿ' ಎಂದು ಕೇಳಿ ಇಸಿದುಕೊಂಡು ದೊಡ್ಡ ಬ್ಯಾಗಿಗೆ ಹಾಕಿಬಿಡಬೇಕು. ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಚಾರ್ಜರುಗಳನ್ನು ಹೊರತೆಗೆದು ಟ್ರೇಯಲ್ಲಿಡಿ. ಒಳಗೇ ಬಿಟ್ಟರೆ ಚೀಲ ಮತ್ತೊಮ್ಮೆ ಯಂತ್ರಕ್ಕೆ ಹೋಗುತ್ತದೆ. ಖಾಲಿ ಬಾಟಲಿ ಒಯ್ಯಬಹುದು, ಒಳಗೆ ನೀರು ತುಂಬಿಕೊಳ್ಳಲು ಸಿಗುತ್ತದೆ. ಚಹಾದ ಬೆಲೆ ಕೇಳಿದರೆ ಮಾಟುಂಗಾದ ಉಡುಪಿ ಹೋಟೆಲುಗಳ ನೆನಪಾಗುವುದು ಖಂಡಿತ.

ಅಲ್ಲಿಂದ ಮುಂದೆ ಮೂರನೇ ಮಹಡಿಯ ಗೇಟುಗಳು. 'ಜಯ ಹೇ' ಎಂಬ ಕಲಾ ಸಂಗ್ರಹ ಗೋಡೆಗಳುದ್ದಕ್ಕೂ ಇದೆ, ದೇಶದ ಮೂಲೆಮೂಲೆಯಿಂದ ತಂದ ಸಾವಿರಾರು ವಸ್ತುಗಳು. ನವಿಲುಗರಿಯ ವಿನ್ಯಾಸದ ಕಂಬಗಳೂ ಸೂರೂ ನಿಂತು ನೋಡುವಂಥವು. ಓಡುತ್ತಾ ಹೋಗುವವರೇ ಜಾಸ್ತಿ. ಹೊತ್ತಿದ್ದರೆ ನೋಡಿ, ಆದರೆ ಮೊದಲು ನಿಮ್ಮ ಗೇಟು ಎಲ್ಲಿದೆ ಎಂದು ನಡೆದು ಕಂಡುಕೊಂಡು ಬಂದು ನೋಡಿ. ಇಲ್ಲಿ ಪ್ರತಿ ವಿಮಾನಕ್ಕೂ ಮೈಕಿನಲ್ಲಿ ಕೂಗಿ ಕರೆಯುವುದಿಲ್ಲ, ಪರದೆಯ ಮೇಲೆ ಕಾಣುವುದೇ ಕರೆ. ಗೇಟು ಕೊನೆಗಳಿಗೆಯಲ್ಲಿ ಬದಲಾಗುವುದೂ ಉಂಟು. ಗೇಟಿನ ಬಳಿ ನಿದ್ದೆ ಹೋದವರನ್ನು ಬಿಟ್ಟು ವಿಮಾನ ಹೋದದ್ದಿದೆ.

ಹಿಂತಿರುಗಿ ಬರುವಾಗ ಇಳಿಯುವುದು ಎರಡನೇ ಮಹಡಿ. ಇಮಿಗ್ರೇಶನ್ ದಾಟಿ ಬೆಲ್ಟಿನಿಂದ ಬ್ಯಾಗು ತೆಗೆದುಕೊಂಡು, ಸುಂಕ ಕಟ್ಟುವಂಥದ್ದಿದ್ದರೆ ಕೆಂಪು ದಾರಿ, ಇಲ್ಲದಿದ್ದರೆ ಹಸಿರು. ಮದ್ಯ ಎರಡು ಲೀಟರ್ ಮಾತ್ರ. ಚಿನ್ನದ ಒಡವೆಯ ರಿಯಾಯಿತಿ, ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ, ವರ್ಷಕ್ಕಿಂತ ಹೆಚ್ಚು ಹೊರಗೆ ನೆಲೆಸಿದ್ದವರಿಗೆ. ಆರು ತಿಂಗಳು ಮಗಳ ಮನೆಯಲ್ಲಿದ್ದು ಬಂದ ತಾಯಿಗೆ ಅದು ಅನ್ವಯಿಸುವುದಿಲ್ಲ. ಇಲ್ಲಿಂದಲೇ ಭಾರದ ಒಡವೆ ಹಾಕಿಕೊಂಡು ಹೋಗುವವರು ಹೋಗುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಬರುವಾಗ ವಾದ ಬೇಕಿಲ್ಲ.

ಬ್ಯಾಗು ಒಡೆದಿದ್ದರೆ, ಬಾರದೇ ಇದ್ದರೆ ಆ ಹಾಲಿನಿಂದ ಹೊರಗೆ ಕಾಲಿಡುವ ಮೊದಲೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಪಿಐಆರ್ (ಬ್ಯಾಗಿನ ದೂರಿನ ವರದಿ) ಬರೆಸಿ ನಂಬರು ತೆಗೆದುಕೊಳ್ಳಿ. ಒಡೆದದ್ದಕ್ಕೆ ಲಿಖಿತ ದೂರು ಏಳು ದಿನದೊಳಗೆ, ತಡವಾಗಿ ಬಂದದ್ದಕ್ಕೆ ಕೈಗೆ ಸಿಕ್ಕ ದಿನದಿಂದ 21 ದಿನದೊಳಗೆ. ಮನೆಗೆ ಹೋಗಿ ನೋಡೋಣ ಎಂದರೆ ಹೊಣೆ ಹೊರಿಸುವುದು ಕಷ್ಟ.

ಹೊರಗೆ ಪ್ರಿಪೇಯ್ಡ್ ಟ್ಯಾಕ್ಸಿಯ ಕೌಂಟರುಗಳಿವೆ. ದಾದರ್, ಮಾಟುಂಗಾ ಕಡೆಯವರು ಆಟೊ ಹುಡುಕಬೇಡಿ. ಬಾಂದ್ರಾ, ಸಯನ್ ದಾಟಿ ಆಟೊ ಹೋಗುವುದಿಲ್ಲ. ದುಡ್ಡು ಕಟ್ಟಿದ ಪ್ರಿಪೇಯ್ಡ್ ಚೀಟಿಯನ್ನು ಚಾಲಕ ಹೊರಡುವಾಗಲೇ ಕೇಳಿದರೆ ಕೊಡಬೇಡಿ, ಟ್ಯಾಕ್ಸಿ ನಿಮ್ಮ ಕಟ್ಟಡದ ಗೇಟಿನ ಮುಂದೆ ನಿಂತು ಬ್ಯಾಗುಗಳು ಕೆಳಗಿಳಿದ ಮೇಲೆ ಕೊಡಿ.